ಹಾಸು ಹೊರಗೆ ಬಂದ ದಿನ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯ ಅಕ್ಕಿ ಡಬ್ಬ ಕಿರುಚಿಕೊಂಡಿತು. ಹಿಂದಿನ ದಿನ ಬಟ್ಟೆ ಒಗೆಯುವಾಗ ನನ್ನ ಮೊಬೈಲು ಬಕೆಟ್ಟಿಗೆ ಬಿದ್ದಿತ್ತು. ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗಿ ಹೂತಿಟ್ಟಿದ್ದೆ. ಆಫ್ ಮಾಡಿ ಹೂಳಬೇಕು ಎನ್ನುವುದು ಮಾತ್ರ ನನ್ನ ಎಂ.ಎ. ಪದವಿಗೆ ಹೊಳೆದಿರಲಿಲ್ಲ. ಎರಡೂ ಕೈಯಿಂದ ಅಕ್ಕಿ ತೋಡಿ ತೆಗೆದರೆ ಪರದೆಯ ಮೇಲೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ತುರ್ತು ಎಚ್ಚರಿಕೆ! ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದೆ. ಇದು ಕೇವಲ ಪರೀಕ್ಷೆ, ನೀವು ಏನೂ ಮಾಡಬೇಕಾಗಿಲ್ಲ ಎಂದಿತ್ತು.

ಏನೂ ಮಾಡಬೇಕಾಗಿಲ್ಲ ಎನ್ನುವುದನ್ನು ನಮ್ಮ ಬೀದಿ ಬಹಳ ಶ್ರದ್ಧೆಯಿಂದ ಪಾಲಿಸುತ್ತದೆ. ನಾನಿರುವುದು ಆಂಧ್ರದ ಕಲ್ಯಾಣದುರ್ಗದ ಒಂದು ಹೊಸ ಬಡಾವಣೆಯಲ್ಲಿ. ಹೊಸದು ಎಂದರೆ, ಕೆರೆಯ ಕೋಡಿ ನೀರು ಮೊದಲು ಹರಿಯುತ್ತಿದ್ದ ಜಾಗದಲ್ಲಿ ಈಗ ನಮ್ಮ ಮನೆಗಳಿವೆ. ಒಣ ಸೀಮೆಯವರಿಗೆ ಕೆರೆ ಅಪರೂಪಕ್ಕೆ ತುಂಬುವ ಸಂಭ್ರಮ. ತುಂಬಿದರೆ ಬಾಗಿನ ಕೊಡುತ್ತೇವೆಯೇ ಹೊರತು ಓಡಿಹೋಗುವುದಿಲ್ಲ. ಆದರೂ ಎರಡು ವರ್ಷದ ಹಿಂದೆ ಮಳೆ ಜೋರಾಗಿ ನೀರು ನಮ್ಮ ಮೆಟ್ಟಿಲವರೆಗೆ ಬಂದು ಹೋದ ಮೇಲೆ ತಹಸೀಲ್ದಾರ್ ಆಫೀಸಿನವರು, ನೀರು ಬಂದರೆ ಜನರನ್ನು ಹೊರಡಿಸಲು ಪ್ರತಿ ಬೀದಿಗೂ ಒಬ್ಬ ಉಸ್ತುವಾರಿಯನ್ನು ನೇಮಿಸಿದರು. ನಮ್ಮ ಬೀದಿಗೆ ನಾನು. ಆಯ್ಕೆಗೆ ಕಾರಣ, ನನ್ನ ಅಕ್ಷರ ದುಂಡಗಿದೆ.

ದುಂಡಗಿನ ಅಕ್ಷರದಲ್ಲಿ ನಾನೊಂದು ಕರಪತ್ರ ಬರೆದು ಹನ್ನೆರಡು ಮನೆಗೂ ಹಂಚಿದೆ. ಆಧಾರ್, ರೇಷನ್ ಕಾರ್ಡು, ಮಾತ್ರೆಗಳು, ಟಾರ್ಚು, ನೀರಿನ ಬಾಟಲಿ ಇಷ್ಟನ್ನು ಒಂದು ಚೀಲದಲ್ಲಿ ತುಂಬಿ ಬಾಗಿಲ ಹಿಂದೆ ತೂಗುಹಾಕಿ. ಎಚ್ಚರಿಕೆ ಬಂದ ಕೂಡಲೇ ಗುಡ್ಡದ ಮೇಲಿನ ಶಾಲೆಗೆ ನಡೆಯಿರಿ. ಆಫೀಸಿನವರು ಇಟ್ಟ ಮೊದಲ ಅಣಕು ಅಭ್ಯಾಸದ ದಿನ ಶಾಲೆಗೆ ಹೋದವಳು ನಾನೊಬ್ಬಳೇ. ದಾರಿಯಲ್ಲಿ ನನ್ನ ಕರಪತ್ರದಲ್ಲಿ ಕಟ್ಟಿದ ಬೋಂಡ ತಿನ್ನುತ್ತಿದ್ದವರೊಬ್ಬರು ನಮಸ್ಕಾರ ಹೇಳಿದರು.

ಎದುರು ಮನೆಯ ಶಿವಲಿಂಗಪ್ಪನವರು ರಿಟೈರಾದ ಬಸ್ ಕಂಡಕ್ಟರ್. ಅವರನ್ನು ಕೇಳಿದೆ, ಯಾಕೆ ಬರಲಿಲ್ಲ ಅಂತ.

"ನಿಜವಾದ್ ನೀರು ಬಂದ್ರೆ ನಿನ್ಗಿಂತ ಮುಂದೆ ಓಡ್ತೀನಿ ಕಣಮ್ಮ. ಸುಳ್ಳು ನೀರ್‌ಗೆ ಯಾಕೆ ಚಪ್ಪಲಿ ಸವೆಸ್ಲಿ?"

ನಗು ಬಂತು. ಆದರೆ ಬೀದಿಯ ಕೊನೆಯ ಮನೆಯನ್ನು ನೆನೆದಾಗ ನಗು ನಿಂತಿತು. ಅಲ್ಲಿ ಮಾರೆಕ್ಕ ಇದ್ದಾರೆ. ಸೆಟ್ಟೂರು ಕಡೆ ಕುರಿ ಕಾಯುತ್ತ ಎಪ್ಪತ್ತು ವರ್ಷ ಬೆಟ್ಟ ಹತ್ತಿ ಇಳಿದವರು, ಮಗನ ಮನೆಗೆ ಬಂದು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ನಡೆಯಲಾಗುವುದಿಲ್ಲ. ಹಗಲು ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿರುತ್ತಾರೆ. ನೀರು ನಿಜವಾಗಿ ಬಂದ ದಿನ, ನನಗಿಂತ ಮುಂದೆ ಓಡುವ ಹನ್ನೊಂದು ಮನೆಯವರಲ್ಲಿ ಮಾರೆಕ್ಕನನ್ನು ಎತ್ತುವವರು ಯಾರು? ಕರಪತ್ರದ ಚೀಲದಲ್ಲಿ ಅವರನ್ನು ತುಂಬಲಾಗುವುದಿಲ್ಲವಲ್ಲ.

ಆವತ್ತು ಫೋನಿನ ಸಂದಿಯಿಂದ ಅಕ್ಕಿ ಕಾಳು ಕೀಳುತ್ತ ಕೂತಿದ್ದಾಗಲೇ ಹಿಂದೂಪುರದ ನಾಗರತ್ನ ಚಿಕ್ಕಮ್ಮ ನೆನಪಾದದ್ದು.

ಮುಂದೆ ಹೇಳುವ ಮೊದಲು ಒಂದು ಮಾತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದಕ್ಕೇ ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತೇನೆ. ದಿನಚರಿಯನ್ನೂ ನಂಬಲಾಗದು, ಅದನ್ನು ಬರೆದವಳೂ ನಾನೇ. ಹೀಗಾಗಿ ನೀವೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ನಾನು ಎಂ.ಎ. ಓದುತ್ತಿದ್ದ ಕಾಲ. ರಜೆಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರದು ನೇಕಾರರ ಬೀದಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗದ ಟಕಟಕ. ಪಕ್ಕದಲ್ಲೊಂದು ಹಳ್ಳ. ತೆಲುಗಿನಲ್ಲಿ ಅದನ್ನು ವಂಕ ಅನ್ನುತ್ತಾರೆ, ವರ್ಷದ ಹನ್ನೊಂದು ತಿಂಗಳು ಅದರಲ್ಲಿ ಹರಿಯುವುದು ಹಂದಿಗಳು. ಚಿಕ್ಕಮ್ಮನದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಕಾಲುಮಣೆ ತುಳಿಯುತ್ತ ನೇಯುವುದು. ಆ ವರ್ಷ ಮೂರು ದಿನ ಬಿಡದೆ ಮಳೆ. ಮೂರನೆಯ ದಿನ ಬೆಳಿಗ್ಗೆ ಚಿಕ್ಕಮ್ಮ ನೇಯುತ್ತಿದ್ದವರು ಕಾಲು ಮೇಲೆತ್ತಿ ಪಾದ ನೋಡಿಕೊಂಡರು. ಒದ್ದೆ.

"ಏ ಹುಡ್ಗಿ, ಗುಂಡಿಗೆ ನೀರು ಊರ್ತೈತೆ ಕಣೆ."

ಆ ಬೀದಿಯಲ್ಲಿ ಪ್ರವಾಹದ ಸುದ್ದಿ ಮೊದಲು ಮುಟ್ಟುವುದು ನೇಯುವವರ ಪಾದಕ್ಕೆ. ಸರ್ಕಾರದ ಸುದ್ದಿ ಅದಾದ ಮೇಲೆ ಬಂತು, ಮೈಕ್ ಕಟ್ಟಿದ ಆಟೋದಲ್ಲಿ. ತೊಂದರೆ ಏನೆಂದರೆ, ನಲ್ಲಿ ತೆರಿಗೆ ಕಟ್ಟಿ ಎಂದು ಹೇಳುವುದೂ ಅದೇ ಆಟೋ, ಆಷಾಢದ ಸೀರೆ ಮಾರಾಟಕ್ಕೆ ಕರೆಯುವುದೂ ಅದೇ ದನಿ. "ವೆಂಟನೇ ಇಳ್ಳು ಖಾಳೀ ಚೇಯಂಡಿ" ಎಂದು, ಕೂಡಲೇ ಮನೆ ಖಾಲಿ ಮಾಡಿ ಎಂದು, ಆತ ಗಂಟಲು ಹರಿದುಕೊಂಡರೂ ಜನ ಕಿವಿಗೊಡಲಿಲ್ಲ. ಪಕ್ಕದ ಮನೆಯ ಕದಿರಪ್ಪ ಕಿಟಕಿಯಿಂದಲೇ ಕೂಗಿ ಕೇಳಿದ: "ಎಷ್ಟು ಪರ್ಸೆಂಟ್ ಡಿಸ್ಕೌಂಟ್ ಅಣ್ಣೋ?"

ಚಿಕ್ಕಪ್ಪ ತಿಪ್ಪೇಸ್ವಾಮಿ ಎರಡು ಸಲ ಹಳ್ಳದವರೆಗೆ ಹೋಗಿ ಬಂದರು. ಎರಡನೆಯ ಸಲ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. "ಹೊಂಡ್ಬೇಕು ಕಣೇ. ಇನ್ನೊಂದು ಗಂಟೇಲಿ ಒಳಗೆ ಬಂದ್ಬುಡ್ತದೆ."

"ನೀವು ಹೋಗ್ರಿ. ನಾನು ಬರಾಕಿಲ್ಲ."

"ಯಾಕೆ?"

ಚಿಕ್ಕಮ್ಮ ಮಗ್ಗದ ಕಡೆ ಕೈ ತೋರಿಸಿದರು. ಅದರ ಮೇಲೆ ರೇಷ್ಮೆ ಹಾಸು ಇತ್ತು. ಹಾಸು ಎಂದರೆ ಉದ್ದುದ್ದಕ್ಕೆ ಬಿಗಿದ ಸಾವಿರಾರು ಎಳೆ. ಅಡ್ಡ ಎಳೆಯನ್ನು ಆಮೇಲೆ ಲಾಳಿಯಿಂದ ಕೂಡಿಸುವುದು. ಮೊದಲ ಸೀರೆ ಅರ್ಧ ಆಗಿತ್ತು, ಇನ್ನೆರಡು ಬರೀ ಎಳೆಯಾಗಿದ್ದವು. ನೆನೆದರೆ ಎಳೆ ಒಂದಕ್ಕೊಂದು ಅಂಟಿ ಕೆಡುತ್ತದೆ. ಸುತ್ತಿ ಮುದ್ದೆ ಮಾಡಿದರೆ ಸಿಕ್ಕಾಗುತ್ತದೆ. ಕತ್ತರಿಸಬಹುದಿತ್ತು. ಆದರೆ ಅರ್ಧ ನೇದ ಸೀರೆಗೆ ಕತ್ತರಿ ಇಡುವುದು ಆ ಮನೆಯಲ್ಲಿ ಆಗದ ಮಾತು. ಆಟೋದಿಂದ ಇಳಿದು ಬಂದ ಮೈಕಿನಾತ ಬಾಗಿಲಲ್ಲಿ ನಿಂತು, "ಅಮ್ಮಾ, ಆಧಾರ್ ಕಾರ್ಡು, ಮಾತ್ರೆ ತಗೊಂಡು ನಡೀರಮ್ಮಾ, ಪ್ರಾಣ ಮುಖ್ಯಂ" ಎಂದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಬೇಡಿಕೊಂಡ.

"ಆಧಾರ್ ಕಾರ್ಡು ಹೋದ್ರೆ ಇನ್ನೊಂದು ಕೊಡ್ತೀರಾ. ಇದು ಹೋದ್ರೆ ಕೊಡ್ತೀಯಾ?"

ಆತ ಆಟೋಗೆ ಮರಳಿದ. ನೀರು ಹೊಸಿಲ ಹತ್ತಿರ ಬರುತ್ತಿತ್ತು. ಚಿಕ್ಕಪ್ಪ ತಲೆ ಕೆರೆದುಕೊಂಡು, ಹಾಸನ್ನು ಗೂಟಕ್ಕೆ ಬಿಗಿದಿದ್ದ ಹಗ್ಗ ಬಿಚ್ಚತೊಡಗಿದರು. "ಹಂಗಾದ್ರೆ ಅದೂ ಬರ್ಲಿ. ನಡ್ಯಾಕೆ ಕಾಲಿಲ್ಲ, ಹಿಡ್ಕಂಡು ಹೋಗನ." ನೇದ ಬಟ್ಟೆ ಸುತ್ತಿದ್ದ ಮರದ ದಿಂಡನ್ನು ಒಂದು ತುದಿಯಲ್ಲಿ ಅವರೇ ಹೊತ್ತರು. ನಡುವೆ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಹಣಿಗೆಯನ್ನು ಚಿಕ್ಕಮ್ಮ ಎತ್ತಿಕೊಂಡರು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಬಿಗಿಯಾಗಿ ಎಳೆದು ಹಿಡಿದು ಹಾಸನ್ನು ಬಾಗಿಲಿಂದ ಹೊರಗೆ ತಂದರು.

ಈಗ ಆ ಬೀದಿಯ ಒಂದು ವಾಡಿಕೆ ಹೇಳಬೇಕು. ಹೊಸ ಹಾಸನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯಲ್ಲಿ ಉದ್ದಕ್ಕೆ ಬಿಗಿದು, ಗಂಜಿ ಹಚ್ಚಿ, ಎಳೆ ಬಿಡಿಸುತ್ತಾರೆ. ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಯಾರದೇ ಹಾಸು ಬೀದಿಗೆ ಬಂದರೂ ಪ್ರತಿ ಮನೆಯಿಂದ ಒಬ್ಬರು ಬಂದು ಹಿಡಿಯಲೇಬೇಕು. ಜಗಳ ಇದ್ದರೂ, ಮಾತು ಬಿಟ್ಟಿದ್ದರೂ. ಕರೆಯುವುದೂ ಇಲ್ಲ, ಥ್ಯಾಂಕ್ಸೂ ಇಲ್ಲ.

ಬಾಗಿಲುಗಳು ತೆರೆದವು. ಕದಿರಪ್ಪ ಪಂಚೆ ಎತ್ತಿ ಕಟ್ಟುತ್ತ ಓಡಿಬಂದ. "ಬುದ್ಧಿ ಐತೇನಪ್ಪಾ ನಿಂಗೆ? ಮಳೇಲಿ ಹಾಸು ಈಚೆ ತಂದಿದ್ದೀಯಲ್ಲ!" ಎಂದು ಬೈಯುತ್ತಲೇ ಹಿಂದಿನ ತುದಿ ಹಿಡಿದ. ಇನ್ನೊಬ್ಬರು ಪ್ಲಾಸ್ಟಿಕ್ಕಿನ ಅಂಚು ಹಿಡಿದರು. ಮತ್ತೊಬ್ಬರು ಛತ್ರಿ ತಂದರು. ಗಂಡಸರು ಹೊರಟರೆಂದು ಹೆಂಗಸರು, ಅವರ ಹಿಂದೆ ಮಕ್ಕಳು, ಒಂದು ಮೇಕೆ. "ಬಿಗಿ... ಬಿಗಿ... ಸಡ್ಲ ಬಿಡ್ಬ್ಯಾಡ್ರೋ" ಎಂದು ಚಿಕ್ಕಪ್ಪ ಹೇಳುತ್ತ ಹೋದಂತೆ ಇಡೀ ಬೀದಿ ಹೆಜ್ಜೆಗೆ ಹೆಜ್ಜೆ ಕೂಡಿಸಿ ಮೊಣಕಾಲುದ್ದ ನೀರಿನಲ್ಲಿ ನಡೆಯಿತು. ಯಾರೂ ಓಡಲಿಲ್ಲ. ಓಡಿದರೆ ಎಳೆ ಕಿತ್ತು ಹೋಗುತ್ತದಲ್ಲ. ಬೀಳುವವರನ್ನು ಪಕ್ಕದವರು ಹಿಡಿದರು, ಬಿದ್ದರೆ ಹಾಸು ಕೆಡುತ್ತದೆಂದು. ಹಿಂದೆ ಮೈಕಿನ ಆಟೋ ಮೆಲ್ಲಗೆ, ಬಾಯಿ ಮುಚ್ಚಿಕೊಂಡು, ಮೆರವಣಿಗೆಯ ಕೊನೆಯ ವಾಹನದ ಹಾಗೆ ಬಂತು.

ಹೈಸ್ಕೂಲಿನ ಜಗುಲಿಯಲ್ಲಿ ಹಾಸನ್ನು ಎರಡು ಕಂಬದ ನಡುವೆ ಬಿಗಿದು ಕಟ್ಟಿದ ಮೇಲೆಯೇ ಅವರೆಲ್ಲ ಹಿಂದಿರುಗಿ ನೋಡಿದ್ದು. ಬೀದಿಯಲ್ಲಿ ನೀರು ಕಿಟಕಿಯ ಮಟ್ಟಕ್ಕೆ ನಿಂತಿತ್ತು. ಒಳಗೆ ಒಬ್ಬರೂ ಉಳಿದಿರಲಿಲ್ಲ.

ನಾನು ಆ ಹಾಸಿನ ಎಡ ಅಂಚು ಹಿಡಿದಿದ್ದೆ. ಕೈಗೆ ರೇಷ್ಮೆಯ ತಣ್ಣನೆಯ ಬಿಗಿ ಇವತ್ತಿಗೂ ನೆನಪಿದೆ. ಹೀಗೆಂದು ವರ್ಷಗಟ್ಟಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಆವತ್ತಿನ ದಿನಚರಿ ಹುಡುಕಿದೆ. "ಜೋರು ಮಳೆ. ಶಾಲೆಯಲ್ಲಿ ಉಪ್ಪಿಟ್ಟು, ಉಪ್ಪು ಕಮ್ಮಿ" ಎಂದಷ್ಟೇ ಇತ್ತು. ಚಿಕ್ಕಮ್ಮನಿಗೇ ಫೋನು ಮಾಡಿದೆ.

"ನೀನಾ? ನೀನೆಲ್ಲಿ ಹಾಸು ಹಿಡ್ದೆ! ಕುಕ್ಕರ್ ಮುಚ್ಚಳ ಎದೆಗವಚ್ಕಂಡು ಎಲ್ರಿಗಿಂತ ಹಿಂದೆ ಬಂದೆ. ಬರೀ ಮುಚ್ಚಳ ಕಣೆ. ಕುಕ್ಕರ್ ನೀರಾಗೆ ತೇಲ್ತಿತ್ತು." ಚಿಕ್ಕಮ್ಮ ಬಿದ್ದು ಬಿದ್ದು ನಕ್ಕರು.

ಹಾಸು ಕಂಡೇ ಜನ ಹೊರಗೆ ಬಂದದ್ದು ಎನ್ನುವುದಾದರೂ ನಿಜವೇ ಎಂದು ಕೇಳಿದೆ.

"ಹಾಸು ನೋಡಿ ಬಂದ್ರೋ, ನೀರು ನೋಡಿ ಬಂದ್ರೋ, ನಂಗೇನ್ ಗೊತ್ತು? ಕದಿರಪ್ಪನ್ನ ಕೇಳಿದ್ರೆ ನಿಮ್ಮ ಚಿಕ್ಕಪ್ಪಂಗೆ ಬೈಯಾಕೆ ಬಂದೆ ಅಂತಾನೆ. ಬಂದ್ರಲ್ಲ, ಅಷ್ಟು ಸಾಕು." ಮತ್ತೆ ಸೇರಿಸಿದರು: "ಪ್ರಾಣ ಉಳಿಸ್ಕ ಬಾ ಅಂದ್ರೆ ಯಾರೂ ಬರಲ್ಲ ಕಣಮ್ಮ, ನಾಚ್ಕೆ ಆಗ್ತದೆ. ಕೆಲ್ಸ ಐತೆ ಬಾ ಅಂದ್ರೆ ಬತ್ತಾರೆ."

ಕೈಯಲ್ಲಿ ಉಳಿದಿದ್ದ ರೇಷ್ಮೆಯ ಬಿಗಿ ಆ ಕ್ಷಣಕ್ಕೆ ಹೊರಟುಹೋಯಿತು. ಅದರ ಬದಲು ಸಿಕ್ಕಿದ ಈ ಮಾತನ್ನು ಅವತ್ತೇ ದಿನಚರಿಯಲ್ಲಿ ಬರೆದಿಟ್ಟೆ, ಮುಂದೆ ನಾನೇ ಹೇಳಿದ್ದು ಎಂದುಕೊಳ್ಳಬಾರದಲ್ಲ.

ಎರಡನೆಯ ಅಭ್ಯಾಸ ಕಳೆದ ಭಾನುವಾರ ಇತ್ತು. ಈ ಸಲ ಕರಪತ್ರ ಬರೆಯಲಿಲ್ಲ. ಶನಿವಾರ ಮಾರೆಕ್ಕನ ಮನೆಗೆ ಹೋಗಿ ನಿಮ್ಮನ್ನು ಕುರ್ಚಿಯಲ್ಲಿ ಎತ್ತಿಕೊಂಡು ಹೋಗಬಹುದಾ ಎಂದು ಕೇಳಿದೆ. "ಹೊತ್ಕಂಡು ಹೋಗಾದು ಸತ್ತೋರ್ನ ಕಣ್ ತಾಯಿ" ಎಂದು ಮುಖ ತಿರುಗಿಸಿದರು. ಆಮೇಲೆ, "ಗುಡ್ಡದ ಮ್ಯಾಲಿಂದ ನಮ್ಮೂರ ದಿಕ್ಕು ಕಾಣ್ತದಾ?" ಎಂದರು. ಕಾಣಬಹುದು ಎಂದೆ. "ಹಂಗಾದ್ರೆ ಬತ್ತೀನಿ."

ಭಾನುವಾರ ಹತ್ತು ಗಂಟೆಗೆ ಶಿವಲಿಂಗಪ್ಪನವರ ಬಾಗಿಲು ತಟ್ಟಿದೆ. ನೀರಿನ ಮಾತೇ ಎತ್ತಲಿಲ್ಲ. "ಮಾರೆಕ್ಕನ್ನ ಶಾಲೆಗೆ ಕರ್ಕೊಂಡು ಹೋಗ್ಬೇಕು. ನನ್ನೊಬ್ಬಳ ಕೈಲಾಗಲ್ಲ, ಒಂದು ಕೈ ಹಾಕ್ತೀರಾ?"

"ಹೆಂಗ್ ಎತ್ತಬೇಕು ಅಂತ ಗೊತ್ತಾ ನಿಂಗೆ? ಬಸ್ಸಲ್ಲಿ ಎಷ್ಟು ಜನಾನ ಎತ್ತಿ ಇಳ್ಸಿದ್ದೀನಿ ನಾನು!" ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟರು. ಕುರ್ಚಿಗೆ ನಾಲ್ಕು ಕಾಲು, ನಾಲ್ಕು ಜನ ಬೇಕು ಎಂದು ಅವರೇ ಪಕ್ಕದ ಮನೆಗಳಿಗೆ ಕೂಗು ಹಾಕಿದರು. ಏರಿನಲ್ಲಿ ಕೈ ಬದಲಿಸಲು ಇನ್ನೂ ನಾಲ್ವರು. ಮಾರೆಕ್ಕನ ಮಾತ್ರೆ ಚೀಲ ಹಿಡಿಯಲು ಒಬ್ಬರು. ಅತ್ತೆಯನ್ನು ಬೇರೆಯವರು ಹೇಗೆ ಹೊರುತ್ತಾರೋ ಎಂದು ಸೊಸೆ. ಏನು ನಡೆಯುತ್ತಿದೆ ಎಂದು ನೋಡಲು ಉಳಿದವರು. ಕುರ್ಚಿಯ ಮೇಲಿಂದ ಮಾರೆಕ್ಕ ದಾರಿಯುದ್ದಕ್ಕೂ ಕುರಿ ಹೊಡೆದಂತೆ ಎಲ್ಲರನ್ನೂ ಹೊಡೆದುಕೊಂಡು ಹೋದರು: "ಏಯ್, ಬಲಕ್ಕೆ ಬಾರ್ಲಾ! ನೀನ್ಯಾಕ್ ಹಿಂದೆ ಬಿದ್ದೆ, ಮೊಬೈಲ್ ಆಮ್ಯಾಲ್ ನೋಡೀವಂತೆ!"

ಗುಡ್ಡದ ಮೇಲೆ ಆಫೀಸಿನವರು ಪಟ್ಟಿ ಹಿಡಿದು ನಿಂತಿದ್ದರು. ಒಂದೊಂದೇ ಮನೆಯ ಹೆಸರು ಕೂಗಿ ಗುರುತು ಹಾಕಿದರು. ಹನ್ನೆರಡಕ್ಕೆ ಹನ್ನೆರಡು! ಪಟ್ಟಿ ಹಿಡಿದಾತನಿಗೆ ನಂಬಿಕೆ ಬರಲಿಲ್ಲ. ಪಟ್ಟಿಯ ಕೆಳಗೆ ಒಂದು ಕಾಲಂ ಇತ್ತು, ಜನರನ್ನು ಕರೆತಂದವರ ಹೆಸರು ಬರೆಯಬೇಕಂತೆ. ಪೆನ್ನು ನನ್ನ ಕಡೆ ನೀಡಿ, "ಮೇಡಂ, ಕರ್ಕೊಂಡ್ ಬಂದಿದ್ದು ನೀವೇ ತಾನೆ?" ಎಂದ.

ನಾನು ಪೆನ್ನು ತೆಗೆದುಕೊಳ್ಳುವಷ್ಟರಲ್ಲಿ ಕುರ್ಚಿಯಿಂದ ದನಿ ಬಂತು. ಮಾರೆಕ್ಕ ಹಣೆಗೆ ಕೈ ಅಡ್ಡ ಹಿಡಿದು ಸೆಟ್ಟೂರಿನ ದಿಕ್ಕು ನೋಡುತ್ತಿದ್ದವರು, ಕತ್ತೂ ತಿರುಗಿಸದೆ ಹೇಳಿದರು:

"ಅವ್ಳಲ್ಲ ಕಣಪ್ಪ. ಇವ್ರನ್ನೆಲ್ಲಾ ಹೊಡ್ಕಂಡ್ ಬಂದಿದ್ದು ನಾನು."

ದುಂಡಗಿನ ಅಕ್ಷರದಲ್ಲಿ ಹಾಗೆಯೇ ಬರೆದೆ.