ಒಲೆ ಮಾವ ಮತ್ತು ನಾಲ್ಕು ಮೇಜಿನ ಚೀನೀ ಹೋಟೆಲು

ನನ್ನ ಸೋದರಮಾವನನ್ನು ಎಲ್ಲರೂ ಕರೆಯುತ್ತಿದ್ದುದು ಒಲೆ ಮಾವ ಎಂದೇ. ಮೂವತ್ತೆಂಟು ವರ್ಷ ಹೋಟೆಲುಗಳ ಗ್ಯಾಸ್ ಒಲೆ ರಿಪೇರಿ ಮಾಡಿದ ಮನುಷ್ಯ. ಉಳಿದವರು ಹೋಟೆಲಿಗೆ ಮುಂಬಾಗಿಲಿನಿಂದ ಹೋದರೆ ಅವನು ಹಿಂಬಾಗಿಲಿನಿಂದ ಹೋಗುತ್ತಿದ್ದ. ಹಾಗಾಗಿ ಅಷ್ಟು ದೊಡ್ಡ ನಗರದಲ್ಲಿ ಒಳ್ಳೆಯ ಚೀನೀ ಊಟ ಎಲ್ಲಿ ಸಿಗುತ್ತದೆಂದು ಯಾರಿಗೆ ತಿಳಿಯಬೇಕಿದ್ದರೂ ಅವನನ್ನೇ ಕೇಳುತ್ತಿದ್ದರು.

"ಬೋರ್ಡು ನೋಡ್ಬೇಡಿ, ಕೆಂಪು ದೀಪ ನೋಡ್ಬೇಡಿ," ಎನ್ನುತ್ತಿದ್ದ. "ಹಿಂದಿನ ಓಣೀಲಿ ನಿಂತು ಒಲೆ ಸದ್ದು ಕೇಳಿ. ಭೋರ್ ಅಂತಿದ್ರೆ ಕಣ್ಮುಚ್ಕೊಂಡು ಒಳಗೆ ಹೋಗಿ. ಬುಸ್ ಬುಸ್ ಅಂತಿದ್ರೆ ಮನೆಗೆ ಹೋಗಿ ಮೊಟ್ಟೆ ಬೇಯಿಸ್ಕೊಳ್ಳಿ."

ಆದರೆ ಅವನ ಮನಸ್ಸು ನಿಂತಿದ್ದುದು ಒಂದೇ ಹೋಟೆಲಿನಲ್ಲಿ. ಟೈಲರ್ ಅಂಗಡಿಗಳ ಸಾಲಿನ ಹಿಂದೆ, ನಾಲ್ಕೇ ಮೇಜಿನ ಜಾಗ. ಚೀನಾದಿಂದ ಬಂದ ಗಂಡ ಹೆಂಡತಿ ನಡೆಸುತ್ತಿದ್ದರು. ಗಂಡ ಮುಂದೆ ಬಡಿಸುವುದು, ಹೆಂಡತಿ ಒಳಗೆ ಅಡುಗೆ. ಆಕೆಯನ್ನು ಮಾವ ಅಕ್ಕ ಎನ್ನುತ್ತಿದ್ದ. ಮಹಾ ಜೋರಿನ ಹೆಂಗಸು. ಒಲೆ ಕೆಟ್ಟು ಅಡುಗೆಯೇ ನಿಂತಿದ್ದರೂ, "ಶೂ ಬಿಚ್ಚಿ ಬಾರೋ, ಈಗಷ್ಟೇ ನೆಲ ಒರೆಸಿದ್ದೀನಿ," ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು.

ಅಂಗಿ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸಕ್ಕಿದ್ದ ಅತ್ತೆಯನ್ನು ಮಾವ ಮೊದಲ ಸಲ ಕರೆದುಕೊಂಡು ಹೋದದ್ದೂ ಅಲ್ಲಿಗೇ. ಶುಂಠಿ, ಈರುಳ್ಳಿ ಎಲೆ ಹಾಕಿದ ನೂಡಲ್ಸು ಬಂತು. ಇಬ್ಬರಿಗೂ ಕಡ್ಡಿಯಲ್ಲಿ ತಿನ್ನಲು ಬಾರದು. ಮಾವ ಬೆವರು ಒರೆಸಿಕೊಂಡು, "ನನ್ನನ್ನ ಮದುವೆ ಆಗ್ತೀಯಾ?" ಎಂದು ಕೇಳಿಯೇಬಿಟ್ಟ.

"ಮೊದಲು ತಿನ್ನೋಕೆ ಬಿಡ್ರೀ, ಆರಿಹೋಗುತ್ತೆ," ಎಂದಳಂತೆ ಅತ್ತೆ. ತಟ್ಟೆ ಖಾಲಿಯಾದ ಮೇಲೆ ಹೂಂ ಎಂದಳು.

ಮುಂದೆ ಹದಿನಾರು ವರ್ಷ ಅವರ ಭಾನುವಾರಗಳು ಅಲ್ಲೇ ಕಳೆದವು. ಮಕ್ಕಳಾಗಲಿಲ್ಲವೆಂಬ ಸಂಕಟವನ್ನು ಅತ್ತೆ ಬಾಯಿಬಿಟ್ಟು ಹೇಳಿಕೊಂಡದ್ದು ಆ ಅಕ್ಕನ ಬಳಿ ಮಾತ್ರ. ಆಮೇಲೆ ರಸ್ತೆ ಅಗಲ ಮಾಡುತ್ತೇವೆಂದು ಹೋಟೆಲಿನ ಸಮೇತ ಆ ಸಾಲನ್ನೇ ಕೆಡವಿದರು. ಆಗ ಮಾವ ಬೇರೆ ಊರಿನಲ್ಲಿ ಎರಡು ತಿಂಗಳ ಕೆಲಸಕ್ಕೆ ಹೋಗಿದ್ದ, ಅತ್ತೆ ಜ್ವರ ಹಿಡಿದು ತವರುಮನೆಯಲ್ಲಿದ್ದಳು. ವಾಪಸು ಬಂದು ನೋಡಿದರೆ ಇಟ್ಟಿಗೆ ರಾಶಿ. ಗಂಡ ಹೆಂಡತಿ ಎಲ್ಲಿಗೆ ಹೋದರೆಂದು ಒಬ್ಬರಿಗೂ ಗೊತ್ತಿಲ್ಲ.

ಅಂದಿನಿಂದ ಮಾವ ಹುಡುಕುವುದಕ್ಕೆ ಬಿದ್ದ. ಹೋದ ಪ್ರತಿ ಅಡುಗೆಮನೆಯಲ್ಲೂ ವಿಚಾರಿಸುತ್ತಿದ್ದ. ಎಲ್ಲಾದರೂ ರುಚಿ ಕಂಡರೆ ಮುಂದಿನ ಭಾನುವಾರ ಅತ್ತೆಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. ಅತ್ತೆ ಎಲ್ಲವನ್ನೂ ತಿಂದು "ಚೆನ್ನಾಗಿದೆ" ಎನ್ನುತ್ತಿದ್ದಳು. ಆ "ಚೆನ್ನಾಗಿದೆ" ಕೇಳಿದರೆ ಮಾವನ ಮುಖ ಸಪ್ಪಗಾಗುತ್ತಿತ್ತು. ಅಕ್ಕನ ಹೋಟೆಲಿನಲ್ಲಿ ಅವಳು ಹಾಗೆನ್ನದೆ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದವಳು.

ಹೀಗೆ ಒಂಬತ್ತು ವರ್ಷ. ಒಂದು ಬೆಳಿಗ್ಗೆ ನರ್ಸುಗಳ ಹಾಸ್ಟೆಲಿನ ಮೆಸ್ಸಿನಿಂದ ಕರೆ ಬಂತು, ಬರ್ನರು ಕಟ್ಟಿಕೊಂಡಿದೆ ಎಂದು. ಮಾವ ಸಾಮಾನಿನ ಚೀಲ ಹಿಡಿದು ಒಳಗೆ ಕಾಲಿಟ್ಟನೋ ಇಲ್ಲವೋ, "ಏಯ್, ಶೂ!" ಎಂಬ ಗದರಿಕೆ ಕೇಳಿಸಿತು.

ತಲೆಯೆಲ್ಲ ಬೆಳ್ಳಗಾದ, ಸಣ್ಣಗೆ ಬಾಗಿದ ಆಕೆಯನ್ನು ಕಂಡು ಮಾವ ಒಂದು ಶೂ ಕೈಯಲ್ಲಿ ಹಿಡಿದು ಅಲ್ಲೇ ನಿಂತ.

"ಯಾಕೋ ಹಾಗೆ ನಿಂತೆ? ನಿನ್ನ ಹೆಂಡತಿ ಹೇಗಿದ್ದಾಳೆ?" ಎಂದಳು ಅಕ್ಕ, ನಿನ್ನೆ ಮೊನ್ನೆ ಭೇಟಿಯಾದವಳ ಹಾಗೆ.

ಗಂಡ ತೀರಿಕೊಂಡಿದ್ದ. ಒಬ್ಬಳೇ ಹೋಟೆಲು ತೆರೆಯುವ ಧೈರ್ಯ ಬರಲಿಲ್ಲ. ಇಲ್ಲಿ ದೊಡ್ಡ ಪಾತ್ರೆಗಳಲ್ಲಿ ಸೂಪು, ಆಲೂಗಡ್ಡೆ ಬೇಯಿಸಿಕೊಂಡು ಇದ್ದುಬಿಟ್ಟಿದ್ದಳು.

ಭಾನುವಾರ ಮೆಸ್ಸಿಗೆ ರಜೆ. ಮಾವ ಅತ್ತೆಯನ್ನು ಕರೆತಂದ. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತದ್ದು ನೋಡಲಾಗದೆ ಮಾವ ಒಲೆಯ ತಿರುಪು ಬಿಗಿಮಾಡುತ್ತ ಕುಳಿತನಂತೆ. ಕೊನೆಗೆ ಅಕ್ಕ ಹಳೆಯ ಬಾಣಲೆಯನ್ನು ಹೊರತೆಗೆದಳು. ಎತ್ತಲು ಹೋದರೆ ಮಣಿಕಟ್ಟು ನಡುಗಿತು.

"ನನ್ನ ಕೈಯಲ್ಲಿ ಆಗಲ್ಲ ಕಣೇ. ನೀನು ಎತ್ತು, ನಾನು ಹೇಳಿಕೊಡ್ತೀನಿ."

"ಅಯ್ಯೋ ಅಕ್ಕ, ನನಗೆಲ್ಲಿ ಬರುತ್ತೆ!"

"ತಿನ್ನೋಕೆ ಬಂತಲ್ಲ, ಮಾಡೋಕೂ ಬರುತ್ತೆ. ಏಯ್ ಒಲೆಯವನೇ, ಬೆಂಕಿ ಜೋರು ಮಾಡೋ!"

ಮೊದಲ ಸಲ ಅರ್ಧ ನೂಡಲ್ಸು ನೆಲದ ಪಾಲಾಯಿತು, ಉಳಿದದ್ದು ಮುದ್ದೆಯಾಯಿತು. ಖಾಲಿ ಮೆಸ್ಸಿನ ಉದ್ದ ಬೆಂಚಿನ ಮೇಲೆ ಮೂವರೂ ಕುಳಿತು ಅದನ್ನೇ ತಿಂದರು. ಅತ್ತೆ "ಚೆನ್ನಾಗಿದೆ" ಎನ್ನದೆ ಎರಡನೆಯ ಸಲ ಹಾಕಿಸಿಕೊಂಡಳು.

ಮುಂದಿನ ಮೂರು ವರ್ಷ ಭಾನುವಾರಗಳೆಲ್ಲ ಮತ್ತೆ ಅಕ್ಕನದೇ ಆದವು. ಅತ್ತೆಯ ಕೈ ಪಳಗಿತು. ಎಷ್ಟು ಹೊತ್ತಿಗೆ ಶುಂಠಿ, ಯಾವಾಗ ಒಂದು ಚಮಚ ನೀರು, ಎಲ್ಲವೂ ಬಾಯಿಪಾಠವಾಯಿತು. ಅಕ್ಕ ಹಾಸಿಗೆ ಹಿಡಿದಾಗ ಮಾವ ಅತ್ತೆಯ ಮನೆಗೇ ಬಂದಳು. ಅಲ್ಲಿಯೇ, ಅತ್ತೆ ಅವಳ ತಲೆ ಬಾಚುತ್ತಿದ್ದಾಗ, ಕಣ್ಣು ಮುಚ್ಚಿದಳು.

ಮಾವ ಮನೆಯ ಹಿಂದಿನ ಅಂಗಳದಲ್ಲಿ ಹೋಟೆಲಿನ ಒಲೆಯೊಂದನ್ನು ಕೂರಿಸಿದ. ಅದು ಹೊತ್ತಿದರೆ ಪಕ್ಕದ ಮನೆಯವರು ವಿಮಾನ ಇಳಿಯಿತೆಂದು ಹೊರಗೆ ಬರುತ್ತಿದ್ದರು. ಊಟ ಎಲ್ಲಿ ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ಆಗ ಅವನ ಉತ್ತರ ಒಂದೇ: "ಭಾನುವಾರ ನಮ್ಮನೆಗೆ ಬನ್ನಿ."

ನಾನೂ ಹೋಗುತ್ತಿದ್ದೆ. ಮಾವ ಈಗಿಲ್ಲ. ಒಲೆಯ ತಿರುಪು ತಿರುಗಿಸುವ ಕೆಲಸ ನನಗೆ ಬಂದಿದೆ. ಕಳೆದ ವಾರ ಅತ್ತೆಯ ಅಂಗಿ ಕಾರ್ಖಾನೆಯ ಹಳೆಯ ಗೆಳತಿಯರು ಹೇಳದೆ ಕೇಳದೆ ಹನ್ನೊಂದು ಜನ ಬಂದರು. ನೂಡಲ್ಸು ಸಾಲಲಿಲ್ಲ. ಅತ್ತೆ ಸೆರಗು ಬಿಗಿದುಕೊಂಡು ಇನ್ನೊಂದು ಬಾಣಲೆ ಇಟ್ಟಳು.