ಸಂಡೂರಿನಲ್ಲಿ ಬಾಯಿ ಬಿಡಿಸುವ ಕೆಲಸ

“ಯಾರನ್ನ ತೆಗೀಲಿಕ್ಕ ಬಂದೀರಿ, ಮೇಡಂ?”

ಯಶವಂತನಗರದ ಹತ್ತಿರದ ಗಣಿಯ ವರ್ಕ್‌ಶಾಪಿನಲ್ಲಿ ಮೊದಲ ದಿನ ನನಗೆ ಸಿಕ್ಕ ಸ್ವಾಗತ ಇದು. ಕೇಳಿದವರು ಹಿರಿಯ ಫಿಟ್ಟರ್ ವೀರಭದ್ರಪ್ಪನವರು. ನಮ್ಮ ಮೈಸೂರಿನಲ್ಲಾಗಿದ್ದರೆ ಇದೇ ಸಂಶಯವನ್ನು ಹೊಟ್ಟೆಯೊಳಗಿಟ್ಟುಕೊಂಡು, ಕಾಫಿ ಕೊಟ್ಟು, ಊರುಕೇರಿ ವಿಚಾರಿಸಿ, ನಾನು ಅತ್ತ ಹೋದ ಮೇಲೆ ಆಡಿಕೊಳ್ಳುತ್ತಿದ್ದರು. ಇಲ್ಲಿ ಮುಖಕ್ಕೇ ಕೇಳಿಬಿಟ್ಟರು.

ನನ್ನ ಕೆಲಸಕ್ಕೆ ಕಂಪನಿಯವರು ಇಟ್ಟ ಹೆಸರು ನಾಲೆಜ್ ಮ್ಯಾನೇಜ್‌ಮೆಂಟ್. ಬಿಡಿಸಿ ಹೇಳಿದರೆ, ಕೆಲಸಗಾರರ ತಲೆಯಲ್ಲಿರುವ ತಿಳಿವಳಿಕೆಯನ್ನು ಕಂಪ್ಯೂಟರಿಗೆ ಏರಿಸುವುದು, ಯಾರು ರಜೆ ಹಾಕಿದರೂ ಯಾರು ನಿವೃತ್ತರಾದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು. ವೀರಭದ್ರಪ್ಪನವರು ಇದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, “ಅಂದ್ರ, ನಾವು ಹೇಳಿ ಮುಗಿಸಿದ ಮ್ಯಾಲ ನಾವು ಬ್ಯಾಡ. ಹೌದಿಲ್ಲೋ?” ಅಂದರು. ಅವರಿಗೆ ನಿವೃತ್ತಿಯ ವಯಸ್ಸು ದಾಟಿತ್ತು. ಅವರಿಲ್ಲದೆ ನಡೆಯುವುದಿಲ್ಲ ಎಂಬ ಒಂದೇ ಕಾರಣಕ್ಕೆ ಕಂಪನಿ ಅವರನ್ನು ವರ್ಷದಿಂದ ವರ್ಷಕ್ಕೆ ಮುಂದುವರಿಸುತ್ತಿತ್ತು. ಹಾಗಿರುವಾಗ ನನ್ನ ಮುಂದೆ ಅವರು ಯಾಕಾದರೂ ಬಾಯಿ ಬಿಡಬೇಕು?

ಯಾರನ್ನೂ ತೆಗೆಯುವುದಿಲ್ಲ ಎಂದು ಮ್ಯಾನೇಜರ್ ಸಾಹೇಬರು ನನಗೆ ಮಾತು ಕೊಟ್ಟಿದ್ದರು. ಆದರೆ ಹಾಗೆ ಹೇಳುವಾಗ ಅವರು ನನ್ನನ್ನು ನೋಡದೆ ಫೋನ್ ನೋಡುತ್ತಿದ್ದರು. ಆವತ್ತಿನಿಂದ ನನಗೂ ಒಳಗೊಳಗೇ ಅನುಮಾನ ಹತ್ತಿಕೊಂಡಿತು.

ಇರಲು ಹೊಸಪೇಟೆಯಲ್ಲಿ ಮನೆ ಹಿಡಿದೆ. ಮಾಲಕಿ ಗಂಗಮ್ಮನವರದು ಕಂಪ್ಲಿ ಕಡೆ ಅಕ್ಕಿ ಗಿರಣಿ ಇರುವ ಮನೆತನ. “ಒಬ್ಬರ ಇರ್ತೀರೇನು? ಯಜಮಾನ್ರು ಯಾಕ ಬರಲಿಲ್ಲ?” ಎಂದು ಬಾಗಿಲಲ್ಲೇ ನಿಲ್ಲಿಸಿ ತನಿಖೆ ಮಾಡಿದರು. ಗಂಡನಿಗೆ ಮೈಸೂರಿನಲ್ಲಿ ಕೆಲಸ ಅಂದರೆ ನಂಬಿಕೆಯಿಲ್ಲ. ಅವರು ಬಂದು ಎರಡು ದಿನ ಇದ್ದು ಹೋದ ಮೇಲೆಯೇ ನನಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬರತೊಡಗಿದ್ದು. ಮೈಸೂರಿನ ನೆಂಟರದು ಇನ್ನೊಂದು ಕಥೆ. “ಹಂಪಿಯಲ್ಲಿದ್ದೀಯಂತೆ, ಪುಣ್ಯ ಮಾಡಿದ್ದೆ ಬಿಡು” ಎಂದು ಫೋನು ಮಾಡಿ ಫೋಟೋ ಕೇಳುತ್ತಾರೆ. ಹಂಪಿಗೆ ಹೋಗಲು ನನಗೆ ಪುರುಸೊತ್ತೆಲ್ಲಿ? ಕೆಂಪು ಧೂಳು ಮೆತ್ತಿದ ಚೂಡಿದಾರಗಳನ್ನು ಒಗೆಯುವುದರಲ್ಲೇ ಭಾನುವಾರ ಮುಗಿದುಹೋಗುತ್ತದೆ.

ಕಂಪ್ಯೂಟರಿನಲ್ಲಿ ಎಲ್ಲ ಸಿದ್ಧಮಾಡಿ, ಯಂತ್ರ ಕೆಟ್ಟರೆ ಏನು ಮಾಡಿದಿರಿ ಎಂದು ನೀವೇ ಬರೆಯಿರಿ ಅಂದೆ. ಎಲ್ಲರೂ ಒಂದೇ ಮಾತು ಬರೆದರು: ‘ಎಲ್ಲಾ ಸರಿ ಐತಿ.’ ಅದಿರು ಸಾಗಿಸುವ ಬೆಲ್ಟು ನಿಂತ ದಿನವೂ ಎಲ್ಲಾ ಸರಿ ಐತಿ. ಮೈಯೆಲ್ಲ ಉರಿದುಹೋಯಿತು. ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಡೋಣ ಅನ್ನಿಸಿತು.

ಆದರೆ ಇದೇ ಜನ ಕಂಪನಿ ಬಸ್ಸು ಹತ್ತಿದರೆ ಬೇರೆಯೇ. ಪಾಳಿ ಮುಗಿಸಿ ಹೊಸಪೇಟೆಗೆ ಮರಳುವಾಗ ಹಿಂದಿನ ಸೀಟಿನವರು ವಗ್ಗರಣಿ ಮಿರ್ಚಿಯ ಪೊಟ್ಟಣ ಬಿಚ್ಚುತ್ತಾರೆ. ನಮ್ಮ ಕಡೆ ಒಗ್ಗರಣೆ ಅಂದರೆ ಸಾಸಿವೆ ಸಿಡಿಸುವುದು. ಇಲ್ಲಿ ಅದು ಮಂಡಕ್ಕಿಯನ್ನು ನೆನೆಸಿ, ಕಲಸಿ ಮಾಡಿದ ತಿಂಡಿ. ಅದು ಕೈಗೆ ಬಂತೆಂದರೆ ಯಾವ ಮೋಟರ್ ಯಾಕೆ ಸುಟ್ಟಿತು, ಯಾರು ಏನು ಎಡವಟ್ಟು ಮಾಡಿದರು ಎಂಬುದೆಲ್ಲ ತಾನಾಗಿ ಹೊರಬರುತ್ತದೆ. ಮುಂದಿನ ಸೀಟಿನಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತವಳಿಗೆ ಒಂದು ದಿನ ತಡೆಯಲಾಗಲಿಲ್ಲ. ನಾನೇ ಪೊಟ್ಟಣ ಕಟ್ಟಿಸಿಕೊಂಡು ಹಿಂದಕ್ಕೆ ನಡೆದೆ. ಮಾತು ಗಪ್ಪನೆ ನಿಂತಿತು. ಆಪರೇಟರ್ ಶೇಕ್ಷಾವಲಿ ಮಾತ್ರ ನಕ್ಕು, “ತಿಂಡಿ ತಂದಾರಂದ್ರ ಕುಂದ್ರಲಿ ಬಿಡ್ರಪಾ” ಅಂದ.

ಅಲ್ಲಿಂದ ನನ್ನ ದಾರಿ ಬದಲಾಯಿತು. ಬರೆಯಿರಿ ಎಂದು ಯಾರನ್ನೂ ಕಾಡಲಿಲ್ಲ. ಕೇಳಿದ್ದನ್ನು ನಾನೇ ಬರೆದು, ಅವರಿಗೇ ಓದಿ ತೋರಿಸಿ, ಒಪ್ಪಿದರೆ ಅವರ ಹೆಸರಿನಲ್ಲೇ ಏರಿಸುತ್ತಿದ್ದೆ. ತಪ್ಪು ಮಾಡಿದವರ ಹೆಸರು ಬರೆಯುತ್ತಿರಲಿಲ್ಲ, ದಾರಿ ಕಂಡುಕೊಂಡವರದು ಬರೆಯುತ್ತಿದ್ದೆ. ನಿಧಾನಕ್ಕೆ ಅವರೇ ಮೊಬೈಲಿನಲ್ಲಿ ಹುಡುಕಿ ನೋಡತೊಡಗಿದರು. ಕೊನೆಗೆ ವೀರಭದ್ರಪ್ಪನವರೂ ಬಾಯಿ ಬಿಟ್ಟರು. ಬೆಲ್ಟು ಒಂದು ಕಡೆಗೆ ಸರಿದರೆ ಯಾವ ಬೋಲ್ಟನ್ನು ಎಷ್ಟು ತಿರುವಬೇಕು ಎಂದು ಬಿಡಿಬಿಡಿಯಾಗಿ ಹೇಳಿದರು. ನಾನು ಹಿರಿಹಿರಿ ಹಿಗ್ಗಿದೆ.

ಆ ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. ತುಮಕೂರಿನಿಂದ ಬಂದ ಹೊಸ ಫಿಟ್ಟರೊಬ್ಬರು ಅದನ್ನು ಓದಿ ಹಾಗೆಯೇ ಮಾಡಿದರು. ಬೆಲ್ಟಿನ ಅಂಚು ಸೀಳಿ ಕೆಲಸ ನಿಂತಿತು. ಬೋಲ್ಟು ಮುಟ್ಟುವ ಮೊದಲು ಬೆಲ್ಟಿನ ಮೇಲಿನ ಅದಿರನ್ನೆಲ್ಲ ಖಾಲಿ ಮಾಡಿಸಬೇಕು ಎಂಬ ಮಾತೇ ಅದರಲ್ಲಿ ಇರಲಿಲ್ಲ.

“ನಿಮಗೆ ಇದು ಗೊತ್ತಿರಲಿಲ್ವಾ?” ಎಂದು ಶೇಕ್ಷಾವಲಿಯ ಮೇಲೆ ಹರಿಹಾಯ್ದೆ.

“ಎಲ್ಲಾರಿಗೂ ಗೊತ್ತಿತ್ತ್ರಿ. ಬೆಲ್ಟಿನ ಕೆಲಸ ನಾವು ಯಾರೂ ಅದನ್ನ ನೋಡಿ ಮಾಡೂದಿಲ್ಲ.”

“ಮತ್ತೆ ತಿದ್ದೋಕೇನಾಗಿತ್ತು? ತಿದ್ದೋದಕ್ಕೆ ಜಾಗ ಕೊಟ್ಟಿದ್ದೀನಲ್ಲ!”

“ಹಿರ್ಯಾರು ಹೇಳ್ಯಾರ್ರೀ ಮೇಡಂ. ಅವರ ಹೆಸರಿನ ಕೆಳಗ ಇದು ತಪ್ಪು ಅಂತ ನಾ ಹೆಂಗ ಬರೀಲಿ? ನಾಳೆ ಮುಖ ನೋಡಬ್ಯಾಡೇನು?”

ವೀರಭದ್ರಪ್ಪನವರನ್ನು ಕೇಳಿದೆ. “ಮರ್ತಿರಬೇಕ್ರಿ. ವಯಸ್ಸಾತಲ್ಲ” ಅಂದರು. ನಟ್ಟು ಬೋಲ್ಟಿನ ಅಳತೆಯನ್ನೆಲ್ಲ ಬಾಯಲ್ಲೇ ಹೇಳಿದ ಮನುಷ್ಯ ಇದೊಂದನ್ನು ಮರೆತರೆ? ಮರೆತದ್ದೋ ಬೇಕೆಂದೇ ಬಿಟ್ಟದ್ದೋ, ಇವತ್ತಿಗೂ ನನಗೆ ತಿಳಿಯದು. ಆ ವರ್ಷವೂ ಕಂಪನಿ ಅವರನ್ನು ಮುಂದುವರಿಸಿತು.

ಮುಂದೆ ಹೀಗಾಗದಂತೆ ಒಂದು ಉಪಾಯ ಹುಡುಕಿಕೊಂಡೆ. ಹಿರಿಯರು ಹೇಳಿದ್ದರಲ್ಲಿ ಏನು ತಪ್ಪಿದೆ ಎಂದು ಬಸ್ಸಿನಲ್ಲಿ ಕಿರಿಯರಿಂದ ಸುಮ್ಮನೆ ಕೇಳಿ ತಿಳಿದುಕೊಳ್ಳುವುದು. ಆಮೇಲೆ ಹಿರಿಯರ ಹತ್ತಿರ ಹೋಗಿ, “ನನಗೆ ಸರಿಯಾಗಿ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ” ಎಂದು ನನ್ನ ದಡ್ಡತನ ಮುಂದೊಡ್ಡುವುದು. ಅವರು ತಮ್ಮ ಮಾತನ್ನು ತಾವೇ ತಿದ್ದುತ್ತಿದ್ದರು, ಯಾರ ಮಾನವೂ ಹೋಗುತ್ತಿರಲಿಲ್ಲ. ಬೆಲ್ಟಿನ ವಿಷಯವೂ ಹೀಗೆಯೇ ಸರಿಹೋಯಿತು. ನಮ್ಮ ವ್ಯವಸ್ಥೆ ಉಸಿರಾಡುತ್ತಿದ್ದುದೇ ಇದರಿಂದ. ಇದು ಕಂಪ್ಯೂಟರಿನಲ್ಲಿ ಎಲ್ಲೂ ಇರಲಿಲ್ಲ.

ಕಳೆದ ತಿಂಗಳು ಮ್ಯಾನೇಜರ್ ಸಾಹೇಬರು ಕರೆದು ಹೊಗಳಿದರು. ಹೊಗಳಿಕೆ ಕೇಳಿಯೇ ನನಗೆ ಕಸಿವಿಸಿಯಾಯಿತು. “ನೀವು ಹೇಗೆ ನಡೆಸುತ್ತೀರೋ ಅದನ್ನೂ ಬರೆದು ಏರಿಸಿಬಿಡಿ. ಮುಂದೆ ಬೆಂಗಳೂರಿನ ಆಫೀಸಿನವರೇ ನೋಡಿಕೊಳ್ಳುತ್ತಾರೆ. ನೀವೂ ಮನೆ ಬಿಟ್ಟು ಬಂದಿದ್ದೀರಿ, ಪಾಪ” ಅಂದರು. ಈ ಸಲವೂ ಅವರ ಕಣ್ಣು ಫೋನಿನ ಮೇಲಿತ್ತು.

ಗಂಡನಿಗೆ ಹೇಳಿದರೆ, “ಒಳ್ಳೇದೇ ಆಯ್ತಲ್ಲ, ಬಂದುಬಿಡು” ಅಂದರು. ನನಗೂ ಮೈಸೂರು ಬೇಡವೆಂದಲ್ಲ. ಚಾಮುಂಡಿ ಬೆಟ್ಟದ ತಣ್ಣನೆಯ ಗಾಳಿ, ನನ್ನ ಅಡುಗೆಮನೆ, ಜಗಳವಾಡಲು ಗಂಡ, ಎಲ್ಲ ಬೇಕು. ಆದರೆ ಕಳಿಸಿಬಿಟ್ಟರು ಎಂದು ಹೋಗುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಇಷ್ಟು ದಿನ ಈ ಜನರ ಬಾಯಿ ಬಿಡಿಸಿದ್ದು ನನ್ನನ್ನೇ ಬೇಡವಾಗಿಸಿಕೊಳ್ಳಲಿಕ್ಕಾ? ಅಳು ಬಂತು, ಸಿಟ್ಟೂ ಬಂತು.

ಬರೆದೆ. ಅಚ್ಚುಕಟ್ಟಾಗಿ, ಚಿತ್ರಗಳ ಸಮೇತ ಬರೆದೆ. ಯಾರು ಓದಿದರೂ ಭೇಷ್ ಅನ್ನಬೇಕು, ಹಾಗೆ.

ಅವತ್ತು ಸಂಜೆ ಬಸ್ಸಿನಲ್ಲಿ ವೀರಭದ್ರಪ್ಪನವರು ಕೇಳಿದರು. ಸುದ್ದಿ ಆಗಲೇ ಅವರಿಗೆ ಮುಟ್ಟಿತ್ತು.

“ನಿಮ್ಮದೂ ಬರಸ್ಕೊಂಡ್ರಂತಲ್ಲ ಮೇಡಂ. ಎಲ್ಲಾ ಬರದ್ರೇನು?”

“ಬರೆದೆ.”

“ಹಿರ್ಯಾರ ತಪ್ಪನ್ನ ಹಿರ್ಯಾರ ಕಡೀಂದನ ತಿದ್ದಸ್ತೀರಲ್ಲ, ಅದನ್ನೂ?”

ನನ್ನ ದಡ್ಡತನ ನಾಟಕವೆಂದು ಅವರಿಗೆ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು.

“ಅದೊಂದು ಮರೆತೆ ಅಂತ ಕಾಣುತ್ತೆ” ಅಂದೆ.

ಅವರು ನಗಲಿಲ್ಲ. ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದರು. “ಬಾರವ್ವ, ಇಲ್ಲಿ ಕುಂದ್ರು” ಅಂದರು. ಇಷ್ಟು ದಿನದಲ್ಲಿ ಅವರು ನನ್ನನ್ನು ಮೇಡಂ ಅನ್ನದೆ ಕರೆದದ್ದು ಅದೇ ಮೊದಲು. “ಈಗ ನಮ್ಮಾಕಿ ಆದಿ ನೋಡು.”