ಹೋಬಳಿ ಮಟ್ಟದ ರಿಸರ್ಚು

ಮೊಮ್ಮಗಳ ಪಿಎಚ್‌ಡಿಗೆ ನಾನು ಮಾಡಿದ ಉಪಕಾರವನ್ನು ಬರೆದಿಡು ಎಂದು ಹೇಳಿದ್ದು ಅವಳೇ. ಒಂದು ಸಲ ಬರೆದರೆ ಇನ್ನೊಂದು ಸಲ ನಾನು ಅಂಥದ್ದು ಮಾಡಲಾರೆ ಎಂಬ ಆಸೆ ಅವಳಿಗೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕನ್ನಡ ನಿಧಾನವಾಗಿ ಬರೆಯಬಲ್ಲೆ, ಒತ್ತಕ್ಷರ ತಪ್ಪಿದರೆ ಅವಳು ತಿದ್ದುತ್ತಾಳೆ. ಇಂಗ್ಲಿಷಿನಲ್ಲಿ ಬಸ್ಸಿನ ನಂಬರು ಬಿಟ್ಟು ಬೇರೆ ಏನೂ ಬರುವುದಿಲ್ಲ.

ಮೊಮ್ಮಗಳು ಕಂಪ್ಯೂಟರಿನಲ್ಲಿ ಎಂ.ಟೆಕ್ ಮುಗಿಸಿ ರಾಮನಗರದ ಒಂದು ಕಾಲೇಜಿನಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ ಎಂದರೆ ವರ್ಷಕ್ಕೊಮ್ಮೆ ಎದ್ದು ಹೋಗು ಅನ್ನಿಸಿಕೊಳ್ಳುವವಳು. ಪಿಎಚ್‌ಡಿ ಮಾಡಬೇಕೆಂದು ಆರು ಕಡೆ ಅರ್ಜಿ ಹಾಕಿದಳು. ಐದು ಕಡೆಯಿಂದ ಇಲ್ಲ ಎಂದು ಬಂತು. ಆರನೆಯದು ಬೆಂಗಳೂರಿನ ಒಂದು ದೊಡ್ಡ ಸಂಸ್ಥೆ. ಅವರು ಪರೀಕ್ಷೆ ಇಟ್ಟರು, ಪಾಸಾದಳು, ಸಂದರ್ಶನಕ್ಕೆ ಕರೆದರು. ಉಳಿದಿದ್ದದ್ದು ಅದೊಂದೇ. ಆದರೂ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು. ನಾನು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಲೇ ವಿಚಾರಿಸಿದೆ.

"ಆ ಐದು ಕಡೆಯೋರು ಯಾಕಂತೆ ಬ್ಯಾಡ ಅಂದದ್ದು?"

"ರಿಸರ್ಚ್ ಮಾಡಿದ ಅನುಭವ ಇಲ್ಲ ಅಂತ ಅಜ್ಜಿ."

"ರಿಸರ್ಚ್ ಮಾಡಕ್ಕೆ ತಾನೆ ನೀನು ಸೇರ್ಕತಿರೋದು?"

"ಹೂಂ."

"ಮದ್ವೆಗೆ ಒಪ್ಕೊಂಡೋಳ್ನ ಇದುವರ್ಗೂ ಎಷ್ಟ್ ಸಂಸಾರ ಮಾಡಿದ್ದೀಯ ಅಂತ ಕೇಳ್ದಂಗಾಯ್ತು."

ಅವಳು ನಗಲಿಲ್ಲ. "ಇವ್ರೂ ಅದ್ನೇ ಕೇಳ್ತಾರೆ. ಮೂರು ಶಿಫಾರಸು ಪತ್ರ ಬೇಕು. ಎರಡು ನಮ್ ಮೇಷ್ಟ್ರುಗಳು ಕೊಟ್ಟವ್ರೆ. ಮೂರ್ನೇದು ನನ್ ರಿಸರ್ಚ್ ನೋಡಿರೋರು ಕೊಡ್ಬೇಕು. ರಿಸರ್ಚೇ ಇಲ್ಲ, ನೋಡೋರು ಎಲ್ಲಿಂದ ಬರ್ತಾರೆ?"

ಶಿಫಾರಸು ಪತ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಅವಳಿಗೆ ರಿಸರ್ಚಿನ ಅನುಭವ ಇಲ್ಲದಿದ್ದರೆ ಏನಂತೆ, ನನಗೆ ಶಿಫಾರಸಿನ ಅನುಭವ ಇತ್ತಲ್ಲ! ಮಗನ ಹಾಸ್ಟೆಲ್ ಸೀಟು, ಬೋರ್‌ವೆಲ್ಲಿನ ಕರೆಂಟು, ಯಜಮಾನರ ಆಸ್ಪತ್ರೆ ಹಾಸಿಗೆ, ಎಲ್ಲಕ್ಕೂ ಪತ್ರ ತಂದವಳು ನಾನೇ. ಮಾರನೇ ದಿನ ವಿರೂಪಾಕ್ಷಿಪುರಕ್ಕೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಚನ್ನಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಕಡೆಯ ಒಬ್ಬ ಮುಖಂಡನಿದ್ದ. ಒಂದು ಸಲ ಗೆದ್ದು ಎರಡು ಸಲ ಸೋತವನು. ಸೋತರೂ ಲೆಟರ್‌ಹೆಡ್ಡು ಮುಗಿದಿರಲಿಲ್ಲ.

"ಏನ್ ದೊಡ್ಡವ್ವ, ಈ ಸಲ ಆಸ್ಪತ್ರೇಲಿ ಯಾರ್ ಮಲಗವ್ರೆ?" ಎಂದ.

"ಯಾರೂ ಮಲಗಿಲ್ಲ ಕಣಪ್ಪ. ಮೊಮ್ಮಗಳು ಡಾಕ್ಟ್ರಾಗ್ಬೇಕು, ಕಂಪ್ಯೂಟ್ರಲ್ಲಿ."

"ಕಂಪ್ಯೂಟ್ರಲ್ಲೂ ಡಾಕ್ಟ್ರಾ? ಈಗ ಎಲ್ಲಾ ಬಂದ್ಬುಟ್ಟೈತೆ ಬುಡು. ಏನಂತ ಬರೀಲಿ?"

"ರಿಸರ್ಚ್ ಮಾಡವ್ಳೆ ಅಂತ ಬರಿ."

"ಎಷ್ಟು ವರ್ಷದಿಂದ?"

ನಾನು ಯೋಚನೆ ಮಾಡಿದೆ. ಎರಡು ಎಂದರೆ ಕಡಿಮೆ ಕಾಣುತ್ತದೆ. ಹತ್ತು ಎಂದರೆ ಹುಡುಗಿಗೆ ವಯಸ್ಸಾಗಿದೆ ಅಂದುಕೊಳ್ಳುತ್ತಾರೆ.

"ಐದು ಹಾಕಪ್ಪ."

ಅವನು ಬರೆದು, ಗಟ್ಟಿಯಾಗಿ ಓದಿ ಹೇಳಿದ. "ಸದರಿ ಕುಮಾರಿಯು ನನಗೆ ಬಾಲ್ಯದಿಂದಲೂ ಚಿರಪರಿಚಿತರಾಗಿದ್ದು, ಕಂಪ್ಯೂಟರ್ ರಿಸರ್ಚನ್ನು ನಮ್ಮ ಹೋಬಳಿ ಮಟ್ಟದಲ್ಲಿ ಐದು ವರ್ಷಗಳಿಂದ ಯಶಸ್ವಿಯಾಗಿ ನಡೆಸಿಕೊಂಡು ಬಂದಿರುತ್ತಾರೆ. ಆದ್ದರಿಂದ ತಾವುಗಳು ದಯಮಾಡಿ ಇವರ ಕೆಲಸವನ್ನು ಮಾಡಿಕೊಡಬೇಕಾಗಿ ಕೋರಿಕೆ." ಕೆಳಗೆ ಹಸಿರು ಶಾಯಿಯಲ್ಲಿ ಸಹಿ, ಅದರ ಮೇಲೆ ಸೀಲು. ನನಗೆ ಕಣ್ಣು ತುಂಬಿಕೊಂಡಿತು. ನನ್ನ ಮೊಮ್ಮಗಳು ಇಷ್ಟೆಲ್ಲ ಮಾಡಿದ್ದಾಳೆಂದು ನನಗೇ ಗೊತ್ತಿರಲಿಲ್ಲ.

ಸಂದರ್ಶನದ ದಿನ ಬೇಡವೆಂದರೂ ಜೊತೆಗೆ ಹೊರಟೆ. ರೈಲಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಏನೋ ಬಾಯಿಪಾಠ ಮಾಡುತ್ತಿದ್ದಳು. ಫೈಲು ನನ್ನ ತೊಡೆಯ ಮೇಲಿತ್ತು. ಪತ್ರವನ್ನು ಒಳಗಿಟ್ಟೆ. ಕೆಳಗೆ ಇಟ್ಟರೆ ಕಾಣುವುದಿಲ್ಲವೆಂದು ತೆಗೆದು ಎಲ್ಲಕ್ಕಿಂತ ಮೇಲೆ ಇಟ್ಟೆ.

ಸಂಸ್ಥೆಯಲ್ಲಿ ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಒಂದು ಗಂಟೆಯ ಮೇಲಾಯಿತು. ಅವಳು ಹೊರಗೆ ಬಂದವಳು ನನ್ನ ಕಡೆ ನೋಡದೆ ಗೇಟಿನವರೆಗೆ ನಡೆದಳು. ನಾನು ಹಿಂದೆ ಹಿಂದೆ ಹೋದೆ. ಬಸ್ ಸ್ಟಾಪಿನಲ್ಲಿ ತಿರುಗಿದಳು.

"ಅಜ್ಜಿ, ಆ ಪತ್ರ ಯಾವಾಗ ಇಟ್ಟೆ?"

"ಬಿಡದಿ ತಾವ."

"ಅವ್ರಲ್ಲಿ ಒಬ್ರಿಗೆ ಕನ್ನಡ ಬರಲ್ಲ. ಏನ್ ಬರ್ದೈತೆ ನೀವೇ ಇಂಗ್ಲಿಷಲ್ಲಿ ಹೇಳಿ ಅಂದ್ರು."

"ಹೇಳ್ದಾ?"

"ಹೇಳ್ದೆ. ಹೋಬಳಿ ಮಟ್ಟದಲ್ಲಿ ಅನ್ನೋ ಹೊತ್ಗೆ ಒಬ್ರು ಕನ್ನಡ್ಕ ತೆಗ್ದು ಕಣ್ ಒರಿಸ್ಕೊಂಡ್ರು. ಪೂರ್ತಿ ಹೇಳಿ ಮುಗಿಸ್ಬುಟ್ಟು, ಇದು ಸುಳ್ಳು, ನಮ್ಮಜ್ಜಿ ಬರೆಸಿ ಇಟ್ಟಿರೋದು, ನಾನು ರಿಸರ್ಚ್ ಮಾಡೇ ಇಲ್ಲ ಅಂದೆ."

"ನನ್ ಸುದ್ದಿ ಯಾಕ್ ತೆಗ್ದೆ ಅಲ್ಲಿ?"

ಆಗಲೂ ನನಗೆ ನನ್ನ ಮಾನದ್ದೇ ಚಿಂತೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿ ಮುಂದಿನದನ್ನು ಹೇಳಿದಳು. ಅಲ್ಲಿದ್ದ ಒಬ್ಬ ಮೇಡಂ ನಗು ನಿಲ್ಲಿಸಿ, ಹಾಗಾದರೆ ಈ ಎರಡು ವರ್ಷ ಏನು ಮಾಡಿದಿರಿ ಎಂದು ಕೇಳಿದರಂತೆ. ಪಾಠ ಮಾಡಿದೆ, ಮಕ್ಕಳು ಪ್ರೋಗ್ರಾಂ ಬರೆಯುವಾಗ ಮಾಡುವ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಒಬ್ಬರ ಮುಖ ಒಬ್ಬರು ನೋಡದ ಮಕ್ಕಳೂ ಅದೇ ಜಾಗದಲ್ಲಿ ಅದೇ ತಪ್ಪು ಮಾಡುತ್ತಾರೆ, ಯಾಕೆಂದು ತಿಳಿಯಬೇಕು ಎಂದಳಂತೆ. ಉಳಿದ ಹೊತ್ತೆಲ್ಲ ಮೇಡಂ ಅದನ್ನೇ ಕೇಳಿದರಂತೆ. ಇದನ್ನು ಬರೆಯಲು ಯಾರು ಹೇಳಿದರು ಎಂದರಂತೆ. ಯಾರೂ ಇಲ್ಲ ಎಂದಳಂತೆ.

ಆ ನೋಟ್‌ಬುಕ್ಕು ನನಗೆ ಚೆನ್ನಾಗಿ ಗೊತ್ತು. ಅದರ ಹಿಂದಿನ ಎರಡು ಹಾಳೆ ಹರಿದು ಒಂದು ಬೆಳಿಗ್ಗೆ ನೀರೊಲೆ ಹಚ್ಚಿದ್ದೆ. ಖಾಲಿ ಹಾಳೆ ಎಂದುಕೊಂಡು ಹರಿದದ್ದಲ್ಲ. ಇಂಗ್ಲಿಷಿನಲ್ಲಿ ತಪ್ಪು ತಪ್ಪು ಎಂದು ಕೆಂಪು ಗೀಟು ಹಾಕಿದ್ದ ಹಾಳೆ, ಯಾರಿಗೆ ಬೇಕು ಎಂದುಕೊಂಡು ಹರಿದದ್ದು. ಬಸ್ ಸ್ಟಾಪಿನಲ್ಲಿ ಅದನ್ನು ಹೇಳಲಿಲ್ಲ. ಒಂದು ದಿನಕ್ಕೆ ಅಷ್ಟು ಸಾಕಾಗಿತ್ತು.

ಎರಡು ವಾರದ ಮೇಲೆ ಪಿಎಚ್‌ಡಿ ಸೀಟು ಇಲ್ಲ ಎಂದು ಬಂತು. ಅದರ ಹಿಂದೆಯೇ ಆ ಮೇಡಂ ಫೋನು ಮಾಡಿದರು. ಒಂದು ವರ್ಷ ನಮ್ಮ ಲ್ಯಾಬಿನಲ್ಲಿ ಸಹಾಯಕಿಯಾಗಿ ಕೆಲಸ ಮಾಡಿ, ಆಮೇಲೆ ಮತ್ತೆ ಅರ್ಜಿ ಹಾಕಿ, ಬರುವಾಗ ಆ ನೋಟ್‌ಬುಕ್ಕು ತನ್ನಿ ಎಂದರು.

"ನೋಡ್ದಾ, ನನ್ ಪತ್ರ ನೋಡೇ ಕರ್ದವ್ರೆ," ಎಂದೆ.

"ನಿನ್ ಪತ್ರ ನೋಡಿದ್ರೂ ಕರ್ದವ್ರೆ ಅಜ್ಜಿ."

ನೀರೊಲೆಯ ವಿಷಯ ಆಗ ಹೇಳಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಕೂತು, ನೆನಪಿದ್ದಷ್ಟನ್ನು ಮತ್ತೆ ಬರೆದಳು.

ಒಂದು ವರ್ಷ ಚನ್ನಪಟ್ಟಣದಿಂದ ರೈಲಿನಲ್ಲಿ ಓಡಾಡಿದಳು. ಮತ್ತೆ ಅರ್ಜಿ ಹಾಕುವ ಹೊತ್ತಿಗೆ ಮೂರನೇ ಪತ್ರಕ್ಕೆ ಮೇಡಂ ಇದ್ದರು.

"ಏನ್ ಬರ್ದವ್ರೆ? ತೋರ್ಸು ಒಸಿ," ಎಂದೆ.

"ನಂಗೂ ತೋರ್ಸಲ್ಲ ಅಜ್ಜಿ. ಅವ್ರ ಕಂಪ್ಯೂಟ್ರಿಂದ ನೇರ ಹೋಗ್ತದೆ. ಮಧ್ಯೆ ಯಾರ್ ಕೈಗೂ ಸಿಗಲ್ಲ." ಇದನ್ನು ನನ್ನ ಕೈ ನೋಡುತ್ತಲೇ ಹೇಳಿದಳು.

ಆ ಸಲ ಸೀಟು ಸಿಕ್ಕಿತು. ಮೇಡಂ ಪತ್ರದಲ್ಲಿ ಏನಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಇನ್ನೂ ಒಂದೆರಡು ಮಾತು ಸೇರಿಸಿ ಎಂದು ಅವರ ಮನೆ ಬಾಗಿಲಿಗೆ ಹೋಗದೆ ಇರುತ್ತಿರಲಿಲ್ಲ.